ನೆತ್ತಿಯನ್ನ ಬೇಕಂತಲೇ ಖಾಲಿ ಬಿಟ್ಟೆ

ಕೂದಲು ಕಸಿ ಮಾಡಿಸಿದ್ರೆ ಹೊಸ ಕೂದಲು ಬರುತ್ತೆ ಅಂತ ಸುಮಾರು ಜನ ತಿಳಿದುಕೊಂಡಿದ್ದಾರೆ. ಬರಲ್ಲ. ತಲೆಯ ಹಿಂದೆ ಮತ್ತು ಕಿವಿಗಳ ಮೇಲೆ ಉಳಿದಿರೋ ಕೂದಲನ್ನ ಬೇರುಸಮೇತ ತೆಗೆದು ಮುಂದೆ ನೆಡ್ತಾರೆ, ಅಷ್ಟೇ. ಒಟ್ಟು ಲೆಕ್ಕದಲ್ಲಿ ಒಂದು ಕೂದಲೂ ಹೆಚ್ಚಾಗಲ್ಲ. ಸ್ವಲ್ಪ ತೆಳ್ಳಗಾದವರಿಗೆ ಇದು ದೊಡ್ಡ ವಿಷಯ ಅನ್ನಿಸದೇ ಇರಬಹುದು. ನನ್ನ ಹಾಗೆ ಮುಕ್ಕಾಲು ತಲೆ ಬೋಳಾದವರಿಗೆ ಇಡೀ ಪ್ಲಾನ್ ನಿಲ್ಲೋದೇ ಇದರ ಮೇಲೆ.

ನನ್ನ ಊರು ಭಾಲ್ಕಿ, ವಯಸ್ಸು ಮೂವತ್ತು, ಕೆಲಸ ಹೈದರಾಬಾದಿನಲ್ಲಿ. 2017ರಲ್ಲಿ ರಾಜ್ ಬಿ. ಶೆಟ್ಟಿ ಅವರ ‘ಒಂದು ಮೊಟ್ಟೆಯ ಕಥೆ’ ಬಂದಾಗ ನಾನು ಎಂಜಿನಿಯರಿಂಗ್ ಕೊನೇ ವರ್ಷ. ಹಾಸ್ಟೆಲ್‌ನಲ್ಲಿ ನನಗೆ ಯಾವ ಹೆಸರು ಬಿತ್ತು ಅಂತ ಹೇಳಬೇಕಿಲ್ಲ. ಅದನ್ನ ನಗ್ತಾ ತಗೊಂಡೆ. ಆದರೆ ಕನ್ಯೆ ನೋಡೋಕೆ ಬೀದರಿನ ಒಂದು ಮನೆಗೆ ಹೋದಾಗ ಅಲ್ಲಿನ ಅಜ್ಜಿ ನಮ್ಮಪ್ಪನಿಗೆ, "ಇವ್ರು ಹುಡ್ಗನ ಕಾಕಾ ಏನ್ರಿ?" ಅಂದ್ರು. ಅವತ್ತು ನಗು ಬರಲಿಲ್ಲ.

ಬೀದರಿನ ಚರ್ಮವೈದ್ಯರು ನನ್ನ ತಲೆ ನೋಡೋಕೆ ಮೊದಲೇ ಕೇಳಿದ್ದು, "ಅಪ್ಪಂದು ಹೆಂಗದ? ಸೋದರಮಾವಂದು?" ಬೋಳು ತಾಯಿ ಕಡೆಯಿಂದ ಮಾತ್ರ ಬರುತ್ತೆ ಅನ್ನೋದು ಅರ್ಧ ನಿಜ. ಒಂದು ಮುಖ್ಯ ಜೀನ್ ತಾಯಿಯಿಂದ ಬರೋ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಉಳಿದವು ಎರಡೂ ಕಡೆಯಿಂದ ಬರ್ತವೆ. ಭಾಲ್ಕಿಯಲ್ಲಿ ಅಪ್ಪನ ತಲೆ ಬೋಳು. ಔರಾದಿನಲ್ಲಿ ಮಾವನ ತಲೆ ಇನ್ನೂ ಬೋಳು, ಹಿಂದೆ ಕುದುರೆ ಲಾಳದ ಹಾಗೆ ಒಂದು ಪಟ್ಟಿ ಅಷ್ಟೇ ಉಳಿದಿದೆ. ಬೋಳಿನ ಹಂತ ಹೇಳೋ ನಾರ್ವುಡ್ ಅಳತೆಯಲ್ಲಿ ಏಳು ಹಂತ. ನಂದು ಆರು, ಮಾವಂದು ಏಳು. "ನಿಮ್ಮ ಮಾವನ ತಲೆ ನಿಮ್ಮದೇ ಅಂತ ತಿಳ್ಕೊಂಡು ಪ್ಲಾನ್ ಮಾಡ್ಬೇಕು" ಅಂದ್ರು ಡಾಕ್ಟರ್.

ಲೆಕ್ಕ ಹೀಗಿದೆ ನೋಡ್ರಿ. ಕೂದಲು ಬೆಳೆಯೋದು ಒಂದರಿಂದ ನಾಲ್ಕರ ಗೊಂಚಲಲ್ಲಿ. ಕಸಿ ಮಾಡುವಾಗ ಅದಕ್ಕೆ ಗ್ರಾಫ್ಟ್ ಅಂತಾರೆ. ತುಂಬಿದ ತಲೆಯಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು 80 ಗೊಂಚಲು. ನನ್ನ ಬೋಳು ಜಾಗ 190 ಚದರ ಸೆಂಟಿಮೀಟರ್. ಮೊದಲಿನ ಹಾಗೆ ತುಂಬಿಸೋಕೆ 15 ಸಾವಿರ ಗ್ರಾಫ್ಟ್ ಬೇಕು. ಹಿಂದಿನಿಂದ ಜೀವಮಾನದಲ್ಲಿ ತೆಗೆಯಬಹುದಾದದ್ದು, ವೈದ್ಯರ ಅಂದಾಜಿನಲ್ಲಿ, 5,500. ಅದಕ್ಕಿಂತ ಜಾಸ್ತಿ ತೆಗೆದ್ರೆ ಹಿಂಭಾಗವೂ ಹುಳ ತಿಂದ ಬಟ್ಟೆ ಹಾಗೆ ಕಾಣುತ್ತೆ. ತೆಗೆದ ಜಾಗದಲ್ಲಿ ಮತ್ತೆ ಬೆಳೆಯಲ್ಲ.

ಅಂದ್ರೆ ಬೇಕಾದದ್ದರ ಮೂರನೇ ಒಂದು ಪಾಲು ಕೈಯಲ್ಲಿದೆ. ಎಲ್ಲ ಕಡೆ ಸಮನಾಗಿ ಹರಡಿದ್ರೆ ಎಲ್ಲೂ ಕೂದಲಿದ್ದಂಗೆ ಕಾಣಲ್ಲ. ಹೈದರಾಬಾದಿನ ಒಂದು ಕ್ಲಿನಿಕ್ಕಿನಲ್ಲಿ ಸೇಲ್ಸ್ ಹುಡುಗ ನನ್ನ ಫೋಟೋ ಮೇಲೆ ಪೆನ್ಸಿಲಿನಲ್ಲಿ ಹುಬ್ಬಿನ ಹತ್ತಿರ ಗೆರೆ ಎಳೆದು, "ಒಂದೇ ದಿನ, ಫುಲ್ ಕವರೇಜ್" ಅಂದ. ಡಾಕ್ಟರನ್ನ ಭೇಟಿ ಮಾಡಿಸಿ ಅಂದ್ರೆ ಅಡ್ವಾನ್ಸ್ ಕಟ್ಟಿದ ಮೇಲೆ ಅಂದ. ಎದ್ದು ಬಂದೆ. ಯೂಟ್ಯೂಬ್ ಅಥವಾ ವರ್ಕ್‌ಶಾಪ್ ನೋಡಿ ಕಲಿತದ್ದು ಈ ಶಸ್ತ್ರಚಿಕಿತ್ಸೆಗೆ ಸಾಕಾಗೋ ತರಬೇತಿಯಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಯಾರು ಕೊರೀತಾರೆ, ಯಾರು ನೆಡ್ತಾರೆ ಅಂತ ಕೇಳೋದು ನಿಮ್ಮ ಹಕ್ಕು.

ಕೊನೆಗೆ ಆಯ್ಕೆ ಮಾಡಿದ ವೈದ್ಯರು ಪೆನ್ನು ಹಿಡಿದು ನನ್ನ ತಲೆಯನ್ನ ಮೂರು ಭಾಗ ಮಾಡಿದ್ರು. ಮುಂದಿನ 70 ಚದರ ಸೆಂಟಿಮೀಟರಿಗೆ 40ರಂತೆ 2,800. ಅದರ ಹಿಂದಿನ 60ಕ್ಕೆ 20ರಂತೆ 1,200. ನೆತ್ತಿಗೆ ಸೊನ್ನೆ. ಎದುರು ಕೂತವರು ನೋಡೋದು ಮುಖದ ಚೌಕಟ್ಟನ್ನ, ಅದಕ್ಕೇ ಮುಂಭಾಗಕ್ಕೆ ಹೆಚ್ಚು ಪಾಲು. ನೆತ್ತಿ ಎಷ್ಟು ಹಾಕಿದ್ರೂ ನುಂಗೋ ಜಾಗ. ಮೇಲಾಗಿ ನೆತ್ತಿಯಲ್ಲಿ ನೆಟ್ಟು, ಸುತ್ತಲಿನದು ಮುಂದೆ ಉದುರಿದ್ರೆ ನಡುವೆ ದ್ವೀಪ ಉಳಿಯುತ್ತೆ. ಹಣೆಯ ಗೆರೆ ಹದಿನೆಂಟರ ಹುಡುಗನ ಥರ ಕೆಳಗೆ ಬೇಡ, ಐವತ್ತರಲ್ಲೂ ಒಪ್ಪಬೇಕು ಅಂದ್ರು. ಉಳಿದ 1,500 ಹಿಂದೆಯೇ ಇರಲಿ, ಎಮರ್ಜೆನ್ಸಿ ಫಂಡ್ ಇದ್ದಂಗೆ.

ಎರಡು ದಿನ, ಬರೀ ತಲೆ ಮರಗಟ್ಟಿಸಿ ಮಾಡಿದ್ರು. ಮೊದಲ ಸೂಜಿಗಳು ನೋವು, ಆಮೇಲೆ ಬೇಜಾರು. ಮೂರನೇ ದಿನ ಹಣೆಯ ಬಾವು ಕಣ್ಣಿಗಿಳೀತು. ಇನ್ಶೂರೆನ್ಸ್ ಸಿಗಲಿಲ್ಲ. ಇದು ಸೌಂದರ್ಯ ಚಿಕಿತ್ಸೆ ಲೆಕ್ಕ, ಎಲ್ಲ ಜೇಬಿನಿಂದಲೇ. ಮೂರ್ನಾಲ್ಕು ವಾರಕ್ಕೆ ನೆಟ್ಟ ಕೂದಲೆಲ್ಲ ಉದುರಿ ಹೋಯ್ತು. ಇದು ಎಲ್ಲರಿಗೂ ಆಗೋದೇ, ಬೇರು ಒಳಗೆ ಇರುತ್ತೆ ಅಂತ ಗೊತ್ತಿದ್ರೂ ದಿಂಬಿನ ಮೇಲೆ ನೋಡಿದಾಗ ಹೊಟ್ಟೆ ಉರೀತು. ಮೂರು ತಿಂಗಳು ಆಫೀಸ್ ಮೀಟಿಂಗಲ್ಲಿ ಕ್ಯಾಮೆರಾ ಆಫ್. ನಾಲ್ಕನೇ ತಿಂಗಳು ಚಿಗುರು, ಹನ್ನೆರಡಕ್ಕೆ ಪೂರ್ತಿ.

ಔಷಧಿ ಬಗ್ಗೆಯೂ ಒಂದು ಮಾತು. ಹಿಂದಿನಿಂದ ತಂದ ಕೂದಲು ತನ್ನ ಹಳೇ ಗುಣವನ್ನೇ ಉಳಿಸಿಕೊಳ್ಳುತ್ತೆ, ಹಾಗಾಗಿ ಬಾಳುತ್ತೆ. ಇದನ್ನ ನ್ಯೂಯಾರ್ಕಿನ ಡಾ. ಓರೆಂಟ್ರೈಕ್ 1959ರಲ್ಲೇ ತೋರಿಸಿದ್ರು. ಆದರೆ ಅಕ್ಕಪಕ್ಕದ ಹಳೇ ಕೂದಲು ಉದುರೋದು ನಿಲ್ಲಲ್ಲ. ಅದಕ್ಕೆ ಫಿನಾಸ್ಟರೈಡ್, ಮಿನಾಕ್ಸಿಡಿಲ್ ಕೊಡ್ತಾರೆ. ಫಿನಾಸ್ಟರೈಡಿನಿಂದ ಕೆಲವರಿಗೆ ಲೈಂಗಿಕ ಆಸಕ್ತಿ ಕಡಿಮೆಯಾಗುತ್ತೆ, ಕೆಲವರಿಗೆ ಮನಸ್ಸು ಕುಗ್ಗುತ್ತೆ. ವೈದ್ಯರ ಹತ್ತಿರ ನಾಚದೆ ಮಾತಾಡಿಯೇ ಶುರು ಮಾಡಿ.

ವರ್ಷದ ನಂತರ ಭಾಲ್ಕಿಗೆ ಹೋದಾಗ ಅವ್ವ ಮುಂದಿನಿಂದ ನೋಡಿ ಖುಷಿಪಟ್ಟಳು. ಅಪ್ಪ ಹಿಂದಿನಿಂದ ನೋಡಿ, "ಇಷ್ಟ್ ರೊಕ್ಕ ಹಾಕ್ದಿ, ನೆತ್ತಿ ಹಂಗೇ ಖಾಲಿ ಅದಲ್ಲೋ!" ಅಂದ್ರು. ಪ್ಲಾನೇ ಅದು ಅಂತ ಹೇಳಿದೆ. ಅವರಿಗೆ ಈಗಲೂ ನಂಬಿಕೆ ಇಲ್ಲ. ಹೊಸದಾಗಿ ಬಂದ ಸಂಬಂಧದವರಿಗೆ ನಾನೇ ಮೊದಲು ಹೇಳಿದೆ: ಮುಂದಿಂದು ಕಸಿ, ಹಿಂದೆ ಬೋಳು. ಹುಡುಗಿ ಕೇಳಿದ್ದು ಒಂದೇ, "ಭಾಳ ನೋವಾಯ್ತಾ?" ಮಾತುಕತೆ ನಡೀತಾ ಇದೆ.

ಈಗ ತಮ್ಮನ ಸರದಿ. ಅವನಿಗೆ ಇಪ್ಪತ್ತೆರಡು, ಮೂರನೇ ಹಂತ, ನಾಳೆಯೇ ಕಸಿ ಮಾಡಿಸಬೇಕಂತೆ. ಇಷ್ಟು ಬೇಗ ಬೇಡ, ಉದುರೋದು ಎಲ್ಲಿಗೆ ನಿಲ್ಲುತ್ತೆ ನೋಡೋಣ ಅಂದಿದ್ದಾರೆ ಡಾಕ್ಟರ್. ಅವನು ಕೇಳ್ತಿಲ್ಲ. ಈ ಸಲ ಔರಾದಿನ ಅಮರೇಶ್ವರ ಜಾತ್ರೆಗೆ ಕರ್ಕೊಂಡು ಹೋಗ್ತೀನಿ. ತೇರು ನೋಡುವಾಗ ಮಾವನ ಹಿಂದೆ ನಿಲ್ಲಿಸಿದ್ರೆ ಸಾಕು.