ಪಿಸುಮಾತಿನ ರಾಜಧಾನಿಯಲ್ಲಿ ಒಂದು ದಿನ

ವಾಷಿಂಗ್ಟನ್ನಿಗೆ ಹೋದವರು ಸಾಮಾನ್ಯವಾಗಿ ಮೂರು ಫೋಟೋ ತೆಗೆಸಿಕೊಂಡು ಬರುತ್ತಾರೆ. ಕ್ಯಾಪಿಟಲ್ ಭವನದ ಬಿಳಿ ಗುಮ್ಮಟದ ಮುಂದೆ ಒಂದು, ಲಿಂಕನ್ ಪ್ರತಿಮೆಯ ಕಾಲಬುಡದಲ್ಲಿ ಒಂದು, ಶ್ವೇತಭವನದ ಬೇಲಿಯ ಪಕ್ಕ ಒಂದು. ಆದರೆ ಈ ಊರಿನ ಮುಖ್ಯ ಸರಕು ಯಾವ ಫೋಟೋದಲ್ಲೂ ಬೀಳುವುದಿಲ್ಲ. ಅದು ಮಾತು. ವೇದಿಕೆಯ ಮೇಲೆ ಆಡುವ ಮಾತಲ್ಲ. ಬಾಗಿಲು ಮುಚ್ಚಿಕೊಂಡು, ದನಿ ತಗ್ಗಿಸಿ, ‘ನನ್ನ ಹೆಸರು ಹಾಕಬೇಡಿ’ ಎಂಬ ಷರತ್ತಿನೊಂದಿಗೆ ಆಡುವ ಮಾತು. ಒಂದು ದಿನದ ಬಿಡುವಿದ್ದರೆ ಆ ಮಾತಿನ ಜಾಡು ಹಿಡಿದೇ ಊರನ್ನು ಸುತ್ತಬಹುದು.

ಸಂಸತ್ತು ಸೇರುವ ಕ್ಯಾಪಿಟಲ್‌ನಿಂದ ಅಧ್ಯಕ್ಷರು ವಾಸಿಸುವ ಶ್ವೇತಭವನಕ್ಕೆ ಪೆನ್ಸಿಲ್ವೇನಿಯಾ ಅವೆನ್ಯೂ ಹಿಡಿದು ನಡೆದರೆ ಸುಮಾರು ಎರಡು ಕಿಲೋಮೀಟರು. ದಾರಿಯ ಕೊನೆಗೆ, ಹದಿನಾಲ್ಕನೆಯ ರಸ್ತೆಯ ಮೂಲೆಯಲ್ಲಿ, ವಿಲ್ಲರ್ಡ್ ಹೋಟೆಲು ಸಿಗುತ್ತದೆ. 1861ರಲ್ಲಿ ಅಧಿಕಾರ ವಹಿಸಿಕೊಳ್ಳುವ ಮುನ್ನ ಲಿಂಕನ್ ತಂಗಿದ್ದು ಇಲ್ಲಿ. 1963ರ ಆಗಸ್ಟಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ‘ಕನಸಿನ’ ಭಾಷಣವನ್ನು ತಿದ್ದಿದ್ದೂ ಇಲ್ಲೇ. ಹೋಟೆಲಿನ ಪಡಸಾಲೆಗೆ ಇನ್ನೊಂದು ಕಥೆಯೂ ಅಂಟಿಕೊಂಡಿದೆ. ಅಧ್ಯಕ್ಷ ಗ್ರಾಂಟ್ ಸಂಜೆ ಹೊತ್ತು ಚುಟ್ಟಾ ಸೇದಲು ಈ ಲಾಬಿಗೆ ಬರುತ್ತಿದ್ದರಂತೆ. ಕೆಲಸ ಆಗಬೇಕಾದವರು ಅಲ್ಲಿ ಕಾದು ಕುಳಿತಿರುತ್ತಿದ್ದರಂತೆ. ‘ಲಾಬಿ ಮಾಡುವುದು’ ಎಂಬ ಮಾತು ಹುಟ್ಟಿದ್ದು ಹೀಗೆ ಎನ್ನುತ್ತಾರೆ. ಕಥೆ ಚೆನ್ನಾಗಿದೆ, ಆದರೆ ನಿಜವಲ್ಲ. ಗ್ರಾಂಟ್ ಅಧ್ಯಕ್ಷರಾದದ್ದು 1869ರಲ್ಲಿ. ಆ ಪದ ಅದಕ್ಕೂ ದಶಕಗಳ ಮೊದಲೇ ಬಳಕೆಯಲ್ಲಿತ್ತು. ಪಿಸುಮಾತಿನ ಊರಿನಲ್ಲಿ ಮೊದಲ ಪಾಠವೇ ಇದು: ಒಳಗಿನವರು ಹೇಳುವುದೆಲ್ಲ ಕೇಳಲು ಇಂಪು, ಆದರೆ ಪರೀಕ್ಷಿಸದೆ ನಂಬಬಾರದು.

ವಿಲ್ಲರ್ಡ್‌ನ ನೆರೆಯಲ್ಲೇ ನ್ಯಾಷನಲ್ ಪ್ರೆಸ್ ಕ್ಲಬ್ ಇದೆ. 1908ರಲ್ಲಿ ಪತ್ರಕರ್ತರು ಕಟ್ಟಿಕೊಂಡ ಸಂಸ್ಥೆ ಇದು. ದೇಶವಿದೇಶಗಳ ನಾಯಕರು ಇಲ್ಲಿಗೆ ಬಂದು ಊಟದ ಹೊತ್ತಿನಲ್ಲಿ ಭಾಷಣ ಮಾಡುತ್ತಿದ್ದರು. ಪತ್ರಕರ್ತೆಯರಿಗೆ ಮಾತ್ರ ಪ್ರವೇಶವಿರಲಿಲ್ಲ. 1955ರಲ್ಲಿ ಅವರನ್ನು ಬಾಲ್ಕನಿಯವರೆಗೆ ಬಿಟ್ಟುಕೊಂಡರು. ಕೆಳಗೆ ಗಂಡಸರು ಊಟ ಮಾಡುತ್ತಾ ಪ್ರಶ್ನೆ ಕೇಳುತ್ತಿದ್ದರೆ, ಮೇಲೆ ಹೆಂಗಸರು ಊಟವೂ ಇಲ್ಲದೆ, ಪ್ರಶ್ನೆ ಕೇಳುವ ಹಕ್ಕೂ ಇಲ್ಲದೆ ಬರೆದುಕೊಳ್ಳುತ್ತಿದ್ದರು. ಅವರಿಗೆ ಸದಸ್ಯತ್ವ ಸಿಕ್ಕಿದ್ದು 1971ರಲ್ಲಿ. ಅಧಿಕಾರದ ಮಾತು ಯಾರ ಕಿವಿಗೆ ಬೀಳಬೇಕು ಎಂಬುದನ್ನು ನಿರ್ಧರಿಸುವುದೂ ಒಂದು ಅಧಿಕಾರವೇ ಅಲ್ಲವೆ?

ಅಲ್ಲಿಂದ ಉತ್ತರಕ್ಕೆ ಕೆಲವು ಬೀದಿ ದಾಟಿದರೆ ಕೆ ಸ್ಟ್ರೀಟ್. ನೋಡಲು ಗಾಜಿನ ಕಟ್ಟಡಗಳ ಸಾಧಾರಣ ರಸ್ತೆ. ಆದರೆ ‘ಕೆ ಸ್ಟ್ರೀಟ್’ ಎಂದರೆ ಅಮೆರಿಕನ್ನರ ಬಾಯಲ್ಲಿ ಲಾಬಿಗಾರರು ಎಂದೇ ಅರ್ಥ. ಕಂಪನಿಗಳ ಪರವಾಗಿ ಸಂಸದರನ್ನು ಕಂಡು, ಕಾನೂನಿನ ಒಂದು ಸಾಲು ಸೇರಿಸಿ, ಒಂದು ಸಾಲು ತೆಗೆಯಿರಿ ಎಂದು ಒಪ್ಪಿಸುವುದು ಇವರ ಕಸುಬು. ಹತ್ತಿರದ ಐ ಸ್ಟ್ರೀಟ್‌ನಲ್ಲಿ ಹಾಲಿವುಡ್ಡಿನ ದೊಡ್ಡ ಸ್ಟುಡಿಯೋಗಳ ಸಂಘದ ಕಚೇರಿ. ಹಾಲಿವುಡ್ ಇರುವುದು ನಾಲ್ಕು ಸಾವಿರ ಕಿಲೋಮೀಟರು ಆಚೆ. ಸಂಘ ಮಾತ್ರ ಶ್ವೇತಭವನದ ಕೂಗಳತೆಯಲ್ಲಿ! ಅಧ್ಯಕ್ಷ ಜಾನ್ಸನ್‌ರ ಆಪ್ತ ಸಹಾಯಕರಾಗಿದ್ದ ಜ್ಯಾಕ್ ವ್ಯಾಲೆಂಟಿ 1966ರಿಂದ 2004ರವರೆಗೆ ಇದರ ಮುಖ್ಯಸ್ಥರಾಗಿದ್ದರು. ಕಚೇರಿಯೊಳಗೇ ಒಂದು ಪುಟ್ಟ ಚಿತ್ರಮಂದಿರ. ಸಂಸದರಿಗೂ ಅಧಿಕಾರಿಗಳಿಗೂ ಅಲ್ಲಿ ಹೊಸ ಚಿತ್ರ, ಜೊತೆಗೆ ಊಟೋಪಚಾರ. ಪರದೆಯ ಮೇಲಿನ ಕಥೆ ಮುಗಿದ ಮೇಲೆ ಹಕ್ಕುಸ್ವಾಮ್ಯದ ಕಥೆಗೆ ಕಿವಿಗಳು ಸುಲಭವಾಗಿ ತೆರೆಯುತ್ತವೆ.

ಈಗ ಕಂಪ್ಯೂಟರ್ ಯುಗದ ಧನಿಕರೂ ಈ ಬೀದಿಗಳಿಗೆ ಬಂದಿದ್ದಾರೆ. ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್ 2013ರಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯನ್ನೇ 25 ಕೋಟಿ ಡಾಲರಿಗೆ ಕೊಂಡರು. ಲಾಬಿಗಾಗಿ ಅತಿ ಹೆಚ್ಚು ಖರ್ಚು ಮಾಡುವ ಕಂಪನಿಗಳ ಸಾಲಿನಲ್ಲಿ ಅಮೆಜಾನ್, ಮೆಟಾ ಎರಡೂ ಇವೆ. ಇದು ನಮಗೆ ತಿಳಿಯುವುದಾದರೂ ಹೇಗೆ? 1995ರ ಕಾಯ್ದೆಯ ಪ್ರಕಾರ ಲಾಬಿಗಾರರು ನೋಂದಾಯಿಸಿಕೊಳ್ಳಬೇಕು. ಯಾರ ಪರವಾಗಿ, ಯಾವ ವಿಷಯಕ್ಕಾಗಿ, ಎಷ್ಟು ಹಣ ಎಂಬುದನ್ನು ಈಗ ಮೂರು ತಿಂಗಳಿಗೊಮ್ಮೆ ಬರೆದುಕೊಡಬೇಕು. 2022ರಲ್ಲಿ ಆ ಒಟ್ಟು ಮೊತ್ತ 400 ಕೋಟಿ ಡಾಲರನ್ನು ದಾಟಿತ್ತು. ಊಟದ ಮೇಜಿನಲ್ಲಿ ಏನು ಮಾತಾಯಿತು ಎಂಬುದನ್ನು ಮಾತ್ರ ಯಾರೂ ಬರೆದುಕೊಡಬೇಕಾಗಿಲ್ಲ.

ಊಟದ ಮೇಜು ಎಂದೊಡನೆ ಜಾರ್ಜ್‌ಟೌನ್ ನೆನಪಾಗುತ್ತದೆ. ಕೆ ಸ್ಟ್ರೀಟಿನಿಂದ ಪಶ್ಚಿಮಕ್ಕೆ ನಡೆದರೆ ಇಟ್ಟಿಗೆ ಹಾಸಿದ ಕಾಲುದಾರಿಗಳು, ಅಂಟಿಕೊಂಡಂತಿರುವ ಹಳೆಯ ಮನೆಗಳು. ಕಳೆದ ಶತಮಾನದ ಮಧ್ಯಭಾಗದಲ್ಲಿ ಮಂತ್ರಿಗಳು, ರಾಯಭಾರಿಗಳು, ಸಂಪಾದಕರು ಒಟ್ಟಿಗೆ ಉಣ್ಣುತ್ತಿದ್ದುದು ಈ ಮನೆಗಳಲ್ಲಿ. ಊಟ ಮುಗಿದೊಡನೆ ಹೆಂಗಸರು ಎದ್ದು ಬೇರೆ ಕೋಣೆಗೆ ಹೋಗಬೇಕು, ರಾಜಕೀಯ ಗಂಡಸರಿಗೆ ಮೀಸಲು. ಕ್ಯಾಥರಿನ್ ಗ್ರಹಾಂ 1963ರಲ್ಲಿ ಪತಿ ತೀರಿಕೊಂಡ ಮೇಲೆ ‘ಪೋಸ್ಟ್’ ಸಂಸ್ಥೆಯ ಹೊಣೆ ಹೊತ್ತವರು. ಅಂಕಣಕಾರ ಜೋಸೆಫ್ ಆಲ್ಸಪ್ ಮನೆಯಲ್ಲಿ ಒಮ್ಮೆ ಅವರು ಹೀಗೆ ಎದ್ದುಹೋಗಲು ಒಪ್ಪಲಿಲ್ಲ. ದಿನವಿಡೀ ಕೆಲಸ ಮಾಡಿ ಬಂದವಳು ನಾನು, ಆಚೆ ಕೂರುವುದಾದರೆ ಮನೆಗೇ ಹೋಗುತ್ತೇನೆ ಎಂದರು. ಅಂದಿನಿಂದ ಆ ಮನೆಯಲ್ಲಿ ಪದ್ಧತಿ ನಿಂತಿತು. ‘ದೊಡ್ಡವರು ಮಾತಾಡುವಾಗ ಆಚೆ ಹೋಗು’ ಎನ್ನಿಸಿಕೊಂಡು ಬೆಳೆದ ನಮಗೆ ಈ ಪ್ರಸಂಗ ಅಷ್ಟೇನೂ ಪರದೇಶದ್ದು ಅನ್ನಿಸುವುದಿಲ್ಲ.

ಜಾರ್ಜ್‌ಟೌನಿನ ದಕ್ಷಿಣಕ್ಕೆ, ಪೊಟೊಮ್ಯಾಕ್ ನದಿಯ ದಂಡೆಯಲ್ಲಿ, ಬಾಗಿದ ಗೋಡೆಗಳ ದೊಡ್ಡ ಕಟ್ಟಡ ಸಮೂಹ ಕಾಣುತ್ತದೆ. ಅದೇ ವಾಟರ್‌ಗೇಟ್. 1972ರ ಜೂನ್ 17ರ ಬೆಳಗಿನ ಜಾವ ಅಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ಕಚೇರಿಯಲ್ಲಿ ಐವರು ಸಿಕ್ಕಿಬಿದ್ದರು. ಕದ್ದು ಮಾತು ಕೇಳುವ ಯಂತ್ರಗಳು ಅವರ ಬಳಿ ಇದ್ದವು. ಹತ್ತಿರದ ಫಾಗಿ ಬಾಟಮ್ ನಿಲ್ದಾಣದಲ್ಲಿ ಮೆಟ್ರೋ ಹತ್ತಿದರೆ ನದಿಯ ಅಡಿಯಿಂದ ಸಾಗಿ ಮುಂದಿನ ನಿಲ್ದಾಣವೇ ರಾಸ್ಲಿನ್. ಅಲ್ಲಿನ ಕಾರು ನಿಲ್ಲಿಸುವ ನೆಲಮಾಳಿಗೆಯೊಂದರಲ್ಲಿ ‘ಪೋಸ್ಟ್’ನ ಯುವ ವರದಿಗಾರ ಬಾಬ್ ವುಡ್‌ವರ್ಡ್ ರಾತ್ರಿ ಹೊತ್ತು ಗುಪ್ತ ಮೂಲವೊಂದನ್ನು ಭೇಟಿಯಾಗುತ್ತಿದ್ದರು. ಅದನ್ನು ಹೇಳುವ ಫಲಕವೊಂದನ್ನು 2011ರಲ್ಲಿ ಅಲ್ಲಿ ನಿಲ್ಲಿಸಲಾಯಿತು. ಭೇಟಿ ಬೇಕಾದಾಗ ವುಡ್‌ವರ್ಡ್ ತಮ್ಮ ಬಾಲ್ಕನಿಯ ಹೂಕುಂಡವನ್ನು ಸರಿಸಿಡುತ್ತಿದ್ದರಂತೆ.

ಆ ಮನುಷ್ಯ ಯಾರೆಂಬುದು ಮೂವತ್ತಕ್ಕೂ ಹೆಚ್ಚು ವರ್ಷ ಗುಟ್ಟಾಗಿತ್ತು. 2005ರಲ್ಲಿ ರಟ್ಟಾಯಿತು. ಎಫ್‌ಬಿಐ ಸಂಸ್ಥೆಯಲ್ಲಿ ಎರಡನೆಯ ಸ್ಥಾನದಲ್ಲಿದ್ದ ಮಾರ್ಕ್ ಫೆಲ್ಟ್ ತಾನೇ ಅದೆಂದು 91ನೆಯ ವಯಸ್ಸಿನಲ್ಲಿ ಒಪ್ಪಿಕೊಂಡರು. ಅವರು ದೇಶಭಕ್ತರೋ, ಮುಖ್ಯಸ್ಥನ ಹುದ್ದೆ ಕೈತಪ್ಪಿದ ಸಿಟ್ಟಿನವರೋ? ಎರಡೂ ಇದ್ದಿರಬಹುದು. ಒಳಗಿನವನು ಬಾಯಿ ಬಿಡುವಾಗ ಅವನದೂ ಒಂದು ಲೆಕ್ಕ ಇರುತ್ತದೆ. ಅದಕ್ಕೇ ಪತ್ರಿಕೆ ಅವರ ಮಾತೊಂದನ್ನೇ ನಂಬಿ ಕೂರಲಿಲ್ಲ. ವುಡ್‌ವರ್ಡ್‌ರ ಜೊತೆಗಾರ ಕಾರ್ಲ್ ಬರ್ನ್‌ಸ್ಟೀನ್ ಮಯಾಮಿಗೆ ಹೋಗಿ, ನಿಕ್ಸನ್ ಚುನಾವಣಾ ನಿಧಿಗೆ ಸೇರಬೇಕಿದ್ದ 25,000 ಡಾಲರಿನ ಚೆಕ್ಕು ಕಳ್ಳರಲ್ಲೊಬ್ಬನ ಬ್ಯಾಂಕ್ ಖಾತೆ ಸೇರಿದ್ದನ್ನು ಪತ್ತೆ ಮಾಡಿದರು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳುವುದೂ ಇದನ್ನೇ.

ರಾಸ್ಲಿನ್ನಿನಿಂದ ಅದೇ ರೈಲಿನಲ್ಲಿ ಮರಳಿದರೆ ಕ್ಯಾಪಿಟಲ್ ಸೌತ್ ನಿಲ್ದಾಣ. ಎದುರಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಕಟ್ಟಡಗಳು. ವಿದ್ಯಾರ್ಥಿಗಳು ತಪ್ಪದೆ ನೋಡಬೇಕಾದ ಜಾಗ. ಶ್ವೇತಭವನದವರು ಯಾವ ಪುಸ್ತಕ ತರಿಸಿಕೊಂಡಿದ್ದರು ಎಂದು ತಿಳಿಯಲು ಆ ಇಬ್ಬರು ವರದಿಗಾರರು ಇಲ್ಲಿ ಕುಳಿತು ಸಾವಿರಾರು ಬೇಡಿಕೆ ಚೀಟಿಗಳನ್ನು ಒಂದೊಂದಾಗಿ ತಿರುವಿಹಾಕಿದರು. ಸಿಕ್ಕಿದ್ದೇನು? ಏನೂ ಇಲ್ಲ! ನೆಲಮಾಳಿಗೆಯ ಭೇಟಿಯನ್ನು ಜಗತ್ತೇ ಬಲ್ಲದು. ಇಂಥ ಬರಿಗೈ ದಿನಗಳನ್ನು ಯಾರೂ ನೆನೆಯುವುದಿಲ್ಲ. ನಿಜ ಹೊರಬಂದದ್ದು ಎರಡರಿಂದಲೂ.

ಕೊನೆಗೆ ನಿಕ್ಸನ್‌ರನ್ನು ಕೆಡವಿದ್ದು ಅವರದೇ ಮಾತು. 1971ರಲ್ಲಿ ತಮ್ಮ ಕೋಣೆಯಲ್ಲೇ ಅವರು ಗುಟ್ಟಾಗಿ ಧ್ವನಿಮುದ್ರಣ ಯಂತ್ರ ಕೂರಿಸಿದ್ದರು. ವಿಷಯ 1973ರ ಜುಲೈಯಲ್ಲಿ ಬಯಲಾಯಿತು. ಮರುವರ್ಷ ಜುಲೈ 24ರಂದು, ಟೇಪುಗಳನ್ನು ಒಪ್ಪಿಸಲೇಬೇಕೆಂದು ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದರು. ಆಗಸ್ಟ್ 9ರಂದು ಅಧ್ಯಕ್ಷರು ಮನೆಗೆ ಹೋದರು. ಸುಮಾರು 3,700 ಗಂಟೆಗಳ ಆ ಮುದ್ರಿಕೆಗಳಲ್ಲಿ ನಮಗೆ ಸಂಬಂಧಿಸಿದ್ದೂ ಇದೆ. 1971ರ ನವೆಂಬರಿನಲ್ಲಿ ಇಂದಿರಾ ಗಾಂಧಿ ಶ್ವೇತಭವನಕ್ಕೆ ಭೇಟಿ ಕೊಟ್ಟಾಗ, ಅವರ ಬೆನ್ನಹಿಂದೆ ನಿಕ್ಸನ್, ಕಿಸಿಂಜರ್ ಆಡಿದ ಹೀನ ಮಾತುಗಳು 2005ರಲ್ಲಿ ಅಮೆರಿಕ ಸರ್ಕಾರದ ಪ್ರಕಟಣೆಯಿಂದಲೇ ಹೊರಬಂದವು. ಕಿಸಿಂಜರ್ ವಿಷಾದ ವ್ಯಕ್ತಪಡಿಸಬೇಕಾಯಿತು.

ಮುಚ್ಚಿದ ಬಾಗಿಲಿನ ಮಾತು ಎಲ್ಲ ದೇಶದಲ್ಲೂ ಇದೆ. ಅದು ನಿಲ್ಲುವುದೂ ಇಲ್ಲ. ಆದರೆ ಆಡಿದ ಮಾತು ಎಲ್ಲೋ ದಾಖಲೆಯಾಗಿ, ಹೊರಗಿನವನೊಬ್ಬ ಕೇಳಿದಾಗ ಕೊಡಲೇಬೇಕಾದ ಕಾನೂನು ಇದೆಯೇ ಎಂಬುದು ಮುಖ್ಯ. ಅಮೆರಿಕದಲ್ಲಿ ಅಂಥ ಕಾಯ್ದೆಗೆ 1966ರಲ್ಲಿ ಸಹಿ ಬಿತ್ತು. ನಮ್ಮ ಕರ್ನಾಟಕ 2000ದಲ್ಲಿ ಒಂದು ಮಾಡಿತು, ದೇಶಕ್ಕೆಲ್ಲ 2005ರಲ್ಲಿ ಬಂತು. ಮಕ್ಕಳ ಶಾಲೆಯ ಕಟ್ಟಡಕ್ಕೆ ಬಂದ ಹಣ ಎಲ್ಲಿ ಹೋಯಿತು ಎಂದು ಕೇಳಲು ವಾಷಿಂಗ್ಟನ್ನಿಗೆ ಹೋಗಬೇಕಾಗಿಲ್ಲ. ಹತ್ತು ರೂಪಾಯಿಯ ಅರ್ಜಿ ಸಾಕು.

ಸಂಜೆಯಾಗುವಾಗ ಗ್ರಂಥಾಲಯದ ಮೆಟ್ಟಿಲ ಮೇಲೆ ಕುಳಿತರೆ ಎದುರಿಗೇ ಕ್ಯಾಪಿಟಲ್‌ನ ಗುಮ್ಮಟ. ಅಲ್ಲಿ ಮಾತು, ಇಲ್ಲಿ ಪುಸ್ತಕ. ನಡುವೆ ಒಂದೇ ರಸ್ತೆ. ನಾಲ್ಕನೆಯ ಫೋಟೋ ಇಲ್ಲಿ ತೆಗೆಸಿಕೊಳ್ಳಬಹುದು.