ಬ್ಯಾಳಿ ಯಾಕ ಕುದಿವಲ್ದು?

"ನಿಮ್ಮಪ್ಪ ತಂದ ಮಷಿನ್ ಕೆಟ್ಟೈತಿ ನೋಡು" ಅಂತ ಅವ್ವ ಫೋನ್ ಮಾಡಿದಾಗ ನಾನು ಬೆಂಗಳೂರಿನಲ್ಲಿ ಒಂದು ಆಫೀಸ್ ಕಾಲ್ ಅನ್ನು ಮ್ಯೂಟ್ ಮಾಡಿಕೊಂಡು ಕೂತಿದ್ದೆ. ಮಷಿನ್ ಅಂದ್ರೆ ಅಡುಗೆಮನೆ ಗೋಡೆಗೆ ತೂಗುಹಾಕಿದ ಆರ್‌ಒ ಫಿಲ್ಟರ್. ದೀಪ ಹತ್ತೈತೇನು ಅಂತ ಕೇಳ್ದೆ. ಹಸಿರು ದೀಪ ಹತ್ತಿದೆ, ನೀರೂ ಬರ್ತಿದೆ. ಮತ್ತ ಕೆಟ್ಟಿದ್ದು ಹೆಂಗ ಗೊತ್ತಾತು?

"ಬ್ಯಾಳಿ ಕುದಿವಲ್ದು. ಮದ್ಲ ಮೂರು ಸೀಟಿಗೆ ಬೆಣ್ಣಿ ಆಗತಿತ್ತು. ಈಗ ಎಂಟು ಸೀಟಿ ಹೊಡಿಸಿದ್ರೂ ಕಾಳು ಕಾಳ."

ನಾನು ನಕ್ಕುಬಿಟ್ಟೆ. ಹಸಿರು ದೀಪದ ಮೇಲೆ ನನಗೆ ಅಷ್ಟು ನಂಬಿಕೆ.

ನಮ್ಮೂರು ರಾಯಬಾಗ ತಾಲ್ಲೂಕಿನಲ್ಲಿ, ಕಬ್ಬಿನ ನಡುವೆ. ದೂಧಗಂಗಾ, ವೇದಗಂಗಾ, ಕೃಷ್ಣಾ ಎಲ್ಲವೂ ಹರಿಯುವ ಸೀಮೆ ಇದು. 2019 ಮತ್ತು 2021ರಲ್ಲಂತೂ ಹೊಳೆ ಎಷ್ಟೋ ಊರುಗಳ ಒಳಗೇ ಬಂತು. ಆದ್ರೂ ಬೋರಿನ ನೀರು ಬಾಯಿಗೆ ಹಾಕಿದ್ರೆ ಸವಳು. ವರ್ಷಗಟ್ಟಲೆ ಕಬ್ಬಿಗೆ ನೀರು ನಿಲ್ಲಿಸಿ, ಗೊಬ್ಬರ ಸುರಿದು, ರಾಯಬಾಗ, ಅಥಣಿ, ಕಾಗವಾಡ ಕಡೆಯ ಎಷ್ಟೋ ಕಪ್ಪು ಭೂಮಿ ಸವಳು-ಜವಳಾಗಿದೆ. ಹೊಲದ ಮೇಲೆ ಬಿಳಿ ಪುಡಿ ಹಾಸಿದಂತೆ ಕಾಣೋದು ಉಪ್ಪು. ಅದೇ ನೆಲದ ಕೆಳಗಿನ ನೀರು ನಮ್ಮ ಕೊಡಕ್ಕೆ ಬರೋದು.

ಹಿಂದಿನ ವರ್ಷ ಇನ್‌ಶರ್ಟ್ ಮಾಡಿಕೊಂಡ ಹುಡುಗನೊಬ್ಬ ಮನೆಗೆ ಬಂದಿದ್ದ. ಎರಡು ಗ್ಲಾಸು ಇಟ್ಟು, ಒಂದರಲ್ಲಿ ನಮ್ಮ ನೀರು, ಇನ್ನೊಂದರಲ್ಲಿ ತನ್ನ ಫಿಲ್ಟರ್ ನೀರು ಹಾಕಿ, ಕರೆಂಟಿನ ಕಡ್ಡಿ ಅದ್ದಿದ್ದಾನೆ. ಎರಡೇ ನಿಮಿಷಕ್ಕೆ ನಮ್ಮ ನೀರು ಕಂದು ಬಗ್ಗಡ, ಅವನದು ತಿಳಿ. "ದಿನಾ ಇದನ್ನ ಕುಡಿಯಾಕತ್ತೀರಿ ನೋಡ್ರಿ ಕಾಕಾ" ಅಂದನಂತೆ. ಅಪ್ಪ ಅವತ್ತೇ 14,500 ಎಣಿಸಿಕೊಟ್ಟ. ಆ ಬಗ್ಗಡ ನೀರಿನದ್ದಲ್ಲ, ಕಡ್ಡಿಯದು! ಕಬ್ಬಿಣದ ಕಡ್ಡಿ ಕರೆಂಟಿಗೆ ಕರಗಿ ತುಕ್ಕು ಬಿಡುತ್ತದೆ. ಉಪ್ಪಿನಂಶ ಇರುವ ನೀರಲ್ಲಿ ಕರೆಂಟು ಹರಿಯುತ್ತೆ, ಆರ್‌ಒ ನೀರಲ್ಲಿ ಹೆಚ್ಚು ಹರಿಯಲ್ಲ, ಅಷ್ಟೇ. ಒಳ್ಳೆಯ ನದಿ ನೀರಿಗೆ ಅದ್ದಿದ್ರೂ ಬಗ್ಗಡ ಬರುತ್ತೆ. ಇಂಜಿನಿಯರ್ ಮಗ ಅನ್ನಿಸಿಕೊಂಡ ನನಗೂ ಇದು ಗೊತ್ತಾಗಿದ್ದು ಆಮೇಲೆ. ದುಡ್ಡು ಇಸಿದುಕೊಂಡವರು ಮಾತ್ರ ನೀರಲ್ಲಿ ಏನಿದೆ ಅಂತ ಒಂದು ಸಲವೂ ಪರೀಕ್ಷೆ ಮಾಡಿಸಿರಲಿಲ್ಲ. ಈಗ ಅವರ ಫೋನೂ ಹತ್ತುತ್ತಿಲ್ಲ.

ಬ್ಯಾಳಿಯ ವಿಷಯ ಅಷ್ಟಕ್ಕೇ ಬಿಡ್ತಿದ್ದೆನೇನೋ. ಆದರೆ ತಂಗಿಗೆ ಆಗ ಏಳು ತಿಂಗಳು. ಬಾಣಂತನಕ್ಕೆ ತವರಿಗೇ ಬರೋಳಿದ್ದಳು.

ಬೆಂಗಳೂರಿನಲ್ಲಿ ಜಲಮಂಡಳಿಯ ಲೈಸೆನ್ಸ್ ಇರುವ ಪ್ಲಂಬರ್‌ಗಳಿದ್ದಾರಲ್ಲ, ಹಾಗೇ ಊರ ಕಡೆಯೂ ಲೈಸೆನ್ಸ್ ಇದ್ದವನನ್ನೇ ಹಿಡೀಬೇಕು ಅಂತ ಹಟ ಹಿಡಿದೆ. ನಿಪ್ಪಾಣಿ, ಚಿಕ್ಕೋಡಿ, ಅಥಣಿ, ಎಲ್ಲಾ ಕಡೆ ಅಂಗಡಿಗಳಿಗೆ ಫೋನ್ ಹಚ್ಚಿದೆ. ನಿಪ್ಪಾಣಿಯವರು ಸೀದಾ ಹೊಸ ಮಷಿನ್ ರೇಟು ಹೇಳಿದ್ರು. ಚಿಕ್ಕೋಡಿಯವರು ವರ್ಷದ ಕಾಂಟ್ರಾಕ್ಟ್ ರೇಟು ಹೇಳಿದ್ರು. ಅಥಣಿಯವನೊಬ್ಬನಿಗೆ ಲೈಸೆನ್ಸ್ ಐತೇನ್ರಿ ಅಂದ್ರೆ, "ಗಾಡಿದು ಐತ್ರಿ ಸರ್" ಅಂದ. ಮನೆಗೆ ವೈರಿಂಗ್ ಮಾಡುವ ಗುತ್ತಿಗೆದಾರನಿಗೆ ಸರಕಾರದ ಲೈಸೆನ್ಸ್ ಬೇಕು. ಅದೇ ಮನೆಯಲ್ಲಿ ಕುಡಿಯುವ ನೀರಿನ ಫಿಲ್ಟರ್ ಕೂಡಿಸುವವನಿಗೆ ಅಂಥದ್ದೊಂದು ಇಲ್ಲ. ಡ್ರಿಲ್ಲು, ಪಾನಾ ಇದ್ರೆ ಸಾಕು.

ಕೊನೆಗೆ ಕುಡಚಿ ಕಡೆಯ ಒಬ್ಬ ಸಿಕ್ಕ. ನಾನು ಲೈಸೆನ್ಸ್ ಕೇಳೋಕೆ ಮೊದಲು ಅವನೇ ಕೇಳಿದ: "ನೀರಿನ ಚೀಟಿ ಐತೇನ್ರಿ ಸರ್? ಚೀಟಿ ಇಲ್ದ ನಾ ಬಂದು ಏನ್ ಮಾಡ್ಲಿ? ಡಾಕ್ಟರ್ರೂ ರಗತ ನೋಡೇ ಗುಳಗಿ ಕೊಡ್ತಾರಲ್ರಿ."

ಸರಕಾರದ ನೀರಿನ ಲ್ಯಾಬ್‌ಗಳಲ್ಲಿ ನಮ್ಮಂಥವರೂ ಸಣ್ಣ ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಬಹುದು ಅಂತ ಹೇಳಿದ್ದೂ ಅವನೇ. ಅಪ್ಪ ತೊಳೆದ ಬಾಟಲಿಯಲ್ಲಿ ಬೋರಿನ ನೀರು ಒಯ್ದು ಕೊಟ್ಟ. ವಾರದ ಮೇಲೆ ಚೀಟಿಯ ಫೋಟೋ ವಾಟ್ಸಾಪಿಗೆ ಬಂತು. ಟಿಡಿಎಸ್, ಅಂದ್ರೆ ಕರಗಿದ ಲವಣಗಳು, ಲೀಟರಿಗೆ 1,480 ಮಿಲಿಗ್ರಾಂ. ಗಡಸುತನ 620. ನೈಟ್ರೇಟ್ 78.

ಕುಡಿಯುವ ನೀರಿಗೆ ಐಎಸ್ 10500 ಅಂತ ಒಂದು ಮಾನಕ ಇದೆ. ಅದರ ಪ್ರಕಾರ ಟಿಡಿಎಸ್ 500ರ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದ್ರೆ 2,000ವರೆಗೂ ನಡೆಯುತ್ತೆ. ನೈಟ್ರೇಟಿಗೆ ಮಾತ್ರ ಆ ರಿಯಾಯಿತಿ ಇಲ್ಲ. 45, ಮುಗೀತು. ಕಬ್ಬಿಗೆ ಹಾಕಿದ ಯೂರಿಯಾ ಬಸಿದು ನೀರಿಗೆ ಸೇರೋದು ಹೀಗೇ. ದೊಡ್ಡವರಿಗಿಂತ ಆರು ತಿಂಗಳೊಳಗಿನ ಕೂಸಿಗೆ ಇದು ಅಪಾಯ: ಹೊಟ್ಟೆಯಲ್ಲಿ ನೈಟ್ರೈಟ್ ಆಗಿ, ರಕ್ತ ಆಮ್ಲಜನಕ ಹೊರದಂತೆ ಮಾಡುತ್ತೆ, ಕೂಸು ನೀಲಿಗಟ್ಟಬಹುದು. ತಾಯಿ ಹಾಲು ಸಾಲದೆ ಪುಡಿ ಹಾಲು ಕಲಸೋದಾದ್ರೆ ಇದೇ ನೀರಲ್ಲಿ ತಾನೇ?

ಅವ್ವನಿಗೆ ಹೇಳಿದೆ. "ಚಲೋತ್ನಂಗ ಕುದಿಸಿ ಕೊಟ್ರ ಆತಿಲ್ಲ?" ಅಂದಳು. ನಮ್ಮನ್ನೆಲ್ಲ ಹಾಗೇ ಬೆಳೆಸಿದವಳು. ಕುದಿಸಿದ್ರೆ ಕ್ರಿಮಿ ಸಾಯುತ್ತೆ, ನೈಟ್ರೇಟ್ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದು ಗಟ್ಟಿಯಾಗುತ್ತೆ ಅಂದೆ. ಅವ್ವ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಫೋನ್ ಅಪ್ಪನ ಕೈಗೆ ಕೊಟ್ಟಳು.

ಮುಂದಿನ ಶನಿವಾರ ನಾನೇ ಊರಿಗೆ ಹೋದೆ. ಮೆಕ್ಯಾನಿಕ್ ಹೇಳಿದ ಟೈಮಿಗಿಂತ ಮೂರು ತಾಸು ತಡವಾಗಿ ಬಂದ, ಅದನ್ನೂ ಹೇಳಿಬಿಡ್ತೀನಿ. ಬಂದವನೇ ಪೆನ್ನಿನಂಥ ಮೀಟರ್ ತೆಗೆದು ಫಿಲ್ಟರ್ ನೀರಲ್ಲಿ ಅದ್ದಿದ: 1,120. ಅಪ್ಪ ಹಸಿರು ದೀಪದ ಕಡೆ ನೋಡಿದ. "ಅದು ಕರೆಂಟ್ ಐತಿ ಅಂತ ಅಷ್ಟ ಹೇಳ್ತೈತ್ರಿ ಯಜಮಾನ್ರ" ಅಂದ.

ಬಿಚ್ಚಿ ತೋರಿಸಿದ. ಗಡಸು ನೀರಿನ ಸುಣ್ಣ ಕಟ್ಟಿ ಪೊರೆ, ಅಂದ್ರೆ ಮೆಂಬ್ರೇನ್, ಕಲ್ಲಾಗಿತ್ತು. ಮತ್ತೆ ನೀರು ಬರ್ತಿದ್ದುದು ಎಲ್ಲಿಂದ? ಪಕ್ಕದಲ್ಲೊಂದು ಸಣ್ಣ ತಿರುಪು ಇರುತ್ತೆ, ಟಿಡಿಎಸ್ ಅಡ್ಜಸ್ಟರ್. ರುಚಿಗೆ ಅಂತ ಪೊರೆ ದಾಟದ ನೀರನ್ನು ಒಂದಿಷ್ಟು ಬೆರೆಸೋಕೆ. ಕೂಡಿಸಿದವರು ಅದನ್ನು ಧಾರಾಳವಾಗಿ ತಿರುವಿ ಹೋಗಿದ್ರು. ಪೊರೆ ಕಟ್ಟಿಕೊಂಡ ಮೇಲೆ ಹೆಚ್ಚೂಕಡಿಮೆ ಆ ದಾರಿಯ ನೀರೇ ಕೊಡಕ್ಕೆ ಬೀಳ್ತಿತ್ತು. ಬ್ಯಾಳಿ ಕುದೀದೆ ಇದ್ದುದು ಅದಕ್ಕೇ.

"ಇದನ್ನ ಪೂರಾ ಬಂದ್ ಮಾಡ್ತೇನ್ರಿ ಮಾವಶಿ. ರುಚಿ ಸಪ್ಪಗ ಆಕ್ಕೈತಿ. ರುಚಿ ಬೇಕಂದ್ರ ಅದರ ಜೋಡಿ ನೈಟ್ರೇಟೂ ಬರ್ತೈತಿ."

"ಸಪ್ಪಗ ಇರ್ಲಿ" ಅಂದಳು ಅವ್ವ.

ಹೊಸ ಮೆಂಬ್ರೇನ್, ಸುಣ್ಣ ಕಟ್ಟದಂತೆ ಅದರ ಮುಂದೊಂದು ಕಾರ್ಟ್ರಿಜ್, ಕೂಲಿ ಸೇರಿ 4,200 ಆಯ್ತು. ಮೀಟರ್ 74 ತೋರಿಸಿತು. ನಾನು ಸಂತೋಷದಿಂದ ಫೋಟೋ ತೆಗೀತಿದ್ರೆ ಅವನೇ ತಡೆದ. ಈ ಮೀಟರ್‌ಗೆ ನೈಟ್ರೇಟ್ ಬೇರೆಯಾಗಿ ಕಾಣಲ್ಲ, ಕ್ರಿಮಿಯೂ ಕಾಣಲ್ಲ, ಫಿಲ್ಟರ್‌ನಿಂದ ಬಂದ ನೀರನ್ನೂ ಲ್ಯಾಬಿಗೆ ಒಯ್ಯಿರಿ ಅಂದ. ಒಯ್ದೆವು. ನೈಟ್ರೇಟ್ 9 ಬಂತು. ನಾನು ಬಿಲ್ ಕೇಳಿದ್ದಕ್ಕೆ ಪುಸ್ತಕ ಇಟ್ಟೇ ಇರಲಿಲ್ಲ. ಆದರೆ ಹೋಗುವಾಗ ಕಾರ್ಟ್ರಿಜ್ ಮೇಲೆ ಮಾರ್ಕರ್‌ನಿಂದ ತಾರೀಖು, ತನ್ನ ನಂಬರು ಬರೆದು, ಹಳೇ ಮೀಟರ್ ಒಂದನ್ನು ಅವ್ವನ ಕೈಗೆ ಕೊಟ್ಟುಹೋದ.

ಅಂಗಳದ ತುಳಸಿ ಎಲೆ ಅಂಚು ಸುಟ್ಟಂತೆ ಯಾಕೆ ಒಣಗ್ತಿದೆ ಅನ್ನೋದೂ ಅವತ್ತೇ ತಿಳೀತು. ಒಂದು ಲೀಟರ್ ಶುದ್ಧ ನೀರಿಗೆ ನಮ್ಮ ಮಷಿನ್ ಮೂರು ಲೀಟರ್ ಹೊರಗೆ ಬಿಡುತ್ತೆ, ಬೋರಿಗಿಂತಲೂ ಉಪ್ಪಾದದ್ದು. ನೀರು ಹಾಳಾಗಬಾರದು ಅಂತ ಅಪ್ಪ ಅದನ್ನು ದಿನಾ ತುಳಸಿಗೆ ಹಾಕ್ತಿದ್ದ. ಈಗ ಅದು ಅಂಗಳ ತೊಳೆಯೋಕೆ ಹೋಗುತ್ತೆ. ಹೊಲದ ಉಪ್ಪಿಗೆ ಮನೆಯದನ್ನೂ ಕೂಡಿಸ್ತಿದ್ದೀವಿ, ಅದು ನನಗೆ ಇನ್ನೂ ಬಗೆಹರಿದಿಲ್ಲ.

ತಂಗಿಗೆ ಹೆಣ್ಣು ಮಗು. ಈಗ ನಾಲ್ಕು ತಿಂಗಳು. ಅವ್ವ ಫೋನ್ ಮಾಡಿದ್ರೆ ಮೊದಲು ಕೂಸಿನ ಸುದ್ದಿ, ಆಮೇಲೆ ಮೀಟರಿನದು.

"ಇವತ್ತ ಎಂಬತ್ತೊಂದು ಐತಿ. ನಿಂದು ಊಟ ಆತೇನು?"