ಫಿಟ್ಟರ್ ಶಾಪಿನ ದಿನಚರಿ

ಸೆಪ್ಟೆಂಬರ್ 2, 2024, ಸೋಮವಾರ

ಹೊಸ ಬ್ಯಾಚ್ ಬಂದಿದೆ. ಇಪ್ಪತ್ತು ಸೀಟೂ ಭರ್ತಿ. ಐಟಿಐಗೆ ಯಾಕೆ ಸೇರಿದಿರಿ ಎಂದು ಒಬ್ಬೊಬ್ಬರನ್ನೇ ಕೇಳಿದೆ. ‘ಲಗೂ ಕೆಲಸ ಸಿಗತೈತ್ರಿ’ ಅಂದವರೇ ಹೆಚ್ಚು. ಮುಂಡರಗಿ ಕಡೆಯ ಹುಡುಗ ಮಾತ್ರ ತಲೆ ಎತ್ತದೆ, ‘ಮಾರ್ಕ್ಸ್ ಕಡಿಮಿ ಬಿದ್ದಾವ್ರಿ ಸರ, ಮತ್ತೇನ್ ಮಾಡ್ಲಿ?’ ಅಂದ.

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವೇ ಊರು ಈ ಮಕ್ಕಳ ಬಗ್ಗೆ ತೀರ್ಪು ಕೊಟ್ಟು ಮುಗಿಸಿರುತ್ತದೆ. ಇದೇ ಹುಡುಗ ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಕೂತು, ಟ್ರ್ಯಾಕ್ಟರಿನ ಕ್ಲಚ್ ಪ್ಲೇಟನ್ನು ತಾನೇ ಬದಲಿಸಿದ ಕಥೆಯನ್ನು ಗೆಳೆಯರಿಗೆ ಕೈ ಬೀಸಿ ಬೀಸಿ ಹೇಳುತ್ತಿದ್ದ. ಬೆಳಿಗ್ಗೆ ನಾನು ಕೇಳಿದಾಗ ಅದು ಹೇಳಬೇಕಾದ ಸಂಗತಿ ಅಂತ ಅವನಿಗೆ ಅನ್ನಿಸಿರಲೇ ಇಲ್ಲ.

ಸೆಪ್ಟೆಂಬರ್ 17, ಮಂಗಳವಾರ

ವಿಶ್ವಕರ್ಮ ಜಯಂತಿ. ಹಿಂದಿನ ವರ್ಷ ಪಾಸಾದವನೊಬ್ಬ ಪೇಡೆ ತಂದಿದ್ದ. ಈಗ ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್. 2019ರ ನಿಯಮದ ಪ್ರಕಾರ ಐಟಿಐ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಸ್ಟೈಪೆಂಡ್ ಕೊಡಬೇಕು. ‘ಅದು ಸರಿಯಾಗಿ ಬರತೈತ್ರಿ’ ಅಂದ. ರೂಮಿನ ಬಾಡಿಗೆಯನ್ನು ನಾಲ್ವರು ಹಂಚಿಕೊಂಡಿದ್ದಾರೆ.

‘ಕೆಲಸ ಏನಪಾ?’

‘ಪೀಸ್ ಎತ್ತಿ ಇಡೋದ್ರಿ, ಎಣಸೋದ್ರಿ, ಬಾಕ್ಸಿಗೆ ಹಾಕೋದ್ರಿ.’

‘ಮೈಕ್ರೋಮೀಟರ್ ಮುಟ್ಟೀದೇನು?’

‘ಕ್ಯೂಸಿಯವರ ಕೈಯಾಗ ನೋಡೀನ್ರಿ.’

ಇಬ್ಬರೂ ನಕ್ಕೆವು. 1961ರ ಅಪ್ರೆಂಟಿಸ್ ಕಾಯ್ದೆ ಇರುವುದೇ ಕಾರ್ಖಾನೆ ಇವರಿಗೆ ಕೆಲಸ ಕಲಿಸಲಿ ಅಂತ. ಸಂಬಳದ ಆಳಿಗಿಂತ ಅಗ್ಗಕ್ಕೆ ಸಿಗುವ ಕೈಗಳೆಂದು ಕೆಲವರು ತಿಳಿದಿದ್ದಾರೆ. ಹೊರಡುವಾಗ ಹುಡುಗ ಹತ್ತಿರ ಬಂದು, ‘ಊರಾಗ ಯಾರಿಗೂ ಹೇಳಬ್ಯಾಡ್ರಿ ಸರ. ಮನ್ಯಾಗ ಮಷಿನ್ ಮ್ಯಾಲೆ ಅದೀನಿ ಅಂತ ಹೇಳೀನಿ’ ಅಂದ.

ಸೆಪ್ಟೆಂಬರ್ 26, ಗುರುವಾರ

ಫೀಡ್‌ಬ್ಯಾಕ್ ಫಾರಂ ತುಂಬಿಸಿದ್ದಾಯಿತು. ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಎಲ್ಲರೂ ಎಲ್ಲದಕ್ಕೂ 5 ಹಾಕಿದ್ದಾರೆ. ಹಾಜರಿ ಸಂಖ್ಯೆ ಬರೆದು ಸಹಿ ಮಾಡಬೇಕಾದ ಕಾಗದದಲ್ಲಿ ಇನ್ನೇನು ಹಾಕಿಯಾರು?

ಈಗ ಮೈಲ್ಡ್ ಸ್ಟೀಲ್ ಪೀಸಿಗೆ ಫೈಲ್ ಹೊಡೆಯುವ ಹಂತ. ‘ದಿನಾ ಇದನ್ನ ತಿಕ್ಕೋದ್ಯಾಕ್ರಿ? ಕಂಪನಿಯಾಗ ಮಷಿನ್ ಇರತಾವಲ್ರಿ’ ಎಂಬ ಪ್ರಶ್ನೆ ಪ್ರತಿ ಬ್ಯಾಚಿನಲ್ಲೂ ಏಳುತ್ತದೆ. ಬಾಯಲ್ಲಿ ಉತ್ತರ ಕೊಟ್ಟರೆ ನಂಬುವುದಿಲ್ಲ. ಲಕ್ಷ್ಮೇಶ್ವರದಿಂದ ಬರುವ ಹುಡುಗಿ ಟ್ರೈಸ್ಕ್ವೇರ್ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದಳು. ಎರಡೂ ತುದಿಯಲ್ಲಿ ಬೆಳಕಿನ ಎಳೆ ಕಂಡಿತು, ನಡುವೆ ಉಬ್ಬು. ಫೈಲ್ ತೂಗಾಡಿದೆ. ಪೀಸನ್ನು ಹೆಬ್ಬೆರಳಿಂದ ಸವರತೊಡಗಿದಳು. ಬೆವರು ತಾಗಿದರೆ ಫೈಲ್ ಜಾರುತ್ತದೆ, ಕೈ ತಾಗಿಸಬೇಡ ಅಂದೆ. ಹಲ್ಲಿನಲ್ಲಿ ಚೂರು ಸಿಕ್ಕಿಕೊಳ್ಳದಂತೆ ಫೈಲಿಗೆ ಸೀಮೆಸುಣ್ಣ ಉಜ್ಜಿ, ಮೊಣಕೈ ಮಟ್ಟದಲ್ಲಿ ತಳ್ಳುವುದನ್ನು ತೋರಿಸಿದೆ.

ಕೈ ಹದಕ್ಕೆ ಬಂದಂತೆ ತಾನಾಗಿ ಮಾತಿಗಿಳಿದಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದದ್ದರಿಂದ ಬಸ್ ಚಾರ್ಜ್ ಇಲ್ಲ, ಅದಕ್ಕೇ ಅಪ್ಪ ಕಳಿಸಿದ್ದು. ‘ಹೆಣ್ಣಹುಡುಗಿಗೆ ಸುತ್ತಿಗಿ ಯಾಕ’ ಅಂತ ಓಣಿಯವರು ಕೇಳುತ್ತಾರೆ. ಶಾಪಿನ ಹತ್ತಿರ ಹೆಣ್ಣುಮಕ್ಕಳ ಶೌಚಾಲಯ ಇಲ್ಲ, ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಇದೆಲ್ಲ ಪೀಸಿನ ಮೇಲಿಂದ ಕಣ್ಣು ಎತ್ತದೆ ಹೇಳಿದ್ದು. ಎದುರಿಗೆ ಕೂರಿಸಿಕೊಂಡು ಕೇಳಿದ್ದರೆ ‘ಏನಿಲ್ರಿ ಸರ’ ಅಂದುಬಿಡುತ್ತಿದ್ದಳು.

‘ಮೂಲಸೌಕರ್ಯ’ದ ಮುಂದೆ ನೀನೂ 5 ಹಾಕೀಯಲ್ಲ ಅಂದೆ.

‘ಕಡಿಮಿ ಹಾಕಿದ್ರ ನಿಮಗ ಬೈತಾರಲ್ರಿ?’

ಅಕ್ಟೋಬರ್ 10, ಗುರುವಾರ

ನಾಳೆ ಆಯುಧಪೂಜೆ, ರಜೆ. ಇವತ್ತೇ ಶಾಪ್ ತೊಳೆದು ಪೂಜೆ ಮುಗಿಸಿದೆವು. ಲೇತಿಗೆ ಬಾಳೆಕಂಬ, ವೈಸುಗಳಿಗೆಲ್ಲ ಕುಂಕುಮ, ಬಾಗಿಲಲ್ಲಿ ಕುಂಬಳಕಾಯಿ. ಲೇತಿನ ಬೆಡ್ಡಿಗೆ ಎಣ್ಣೆ ಹಚ್ಚುವ ಉಸ್ತುವಾರಿಯನ್ನು ಮುಂಡರಗಿಯ ಹುಡುಗ ಯಾರೂ ಹೇಳದೆಯೇ ವಹಿಸಿಕೊಂಡಿದ್ದ. ಸೀನಿಯರುಗಳಿಗೂ ‘ಚಿಪ್ಸ್ ಕೈಲಿಂದ ತೆಗೀಬ್ಯಾಡ್ರಿ, ಬ್ರಷ್ ತಗೋರಿ’ ಅನ್ನುತ್ತಿದ್ದ.

ಅವನ ಅಪ್ಪ ಬಂದಿದ್ದರು. ‘ಇದಾದ ಮ್ಯಾಲೆ ಮುಂದ ಓದಾಕ ಬರತೈತೇನ್ರಿ, ಇಲ್ಲಿಗೇ ಮುಗೀತೋ?’ ಎಂದು ಕೇಳಿದರು. ಎರಡು ವರ್ಷದ ಟ್ರೇಡ್ ಮುಗಿಸಿದರೆ ಡಿಪ್ಲೊಮಾಗೆ ನೇರವಾಗಿ ಎರಡನೇ ವರ್ಷಕ್ಕೇ ಸೇರಬಹುದು ಅಂದೆ. ಅಪ್ಪ ಮಗನ ಮುಖ ನೋಡಿದರು. ಅವನಿಗೂ ಗೊತ್ತಿರಲಿಲ್ಲ. ಅಡ್ಮಿಷನ್ ದಿನವೇ ಹೇಳಬೇಕಾದ ಮಾತಿದು. ರಜೆ ಮುಗಿದ ಮೇಲೆ ಇಡೀ ಬ್ಯಾಚಿಗೆ ಹೇಳಬೇಕು. ಅಪ್ರೆಂಟಿಸ್ ಕರಾರಿಗೆ ಸಹಿ ಹಾಕುವ ಮುಂಚೆ ಏನೇನು ಓದಿ ನೋಡಬೇಕು ಅನ್ನುವುದನ್ನೂ ಅದರ ಜೊತೆಗೇ.

ಮಧ್ಯಾಹ್ನ ಶೌಚಾಲಯದ ಬಗ್ಗೆ ಪತ್ರ ಬರೆದುಕೊಂಡು ಸಾಹೇಬರ ಕೋಣೆಗೆ ಹೋದೆ. ಓದಿ, ಕನ್ನಡಕ ತೆಗೆದು, ‘ಫೀಡ್‌ಬ್ಯಾಕಿನಾಗ ಎಲ್ಲಾರೂ ಐದಕ್ಕ ಐದು ಕೊಟ್ಟಾರಲ್ರೀ’ ಅಂದರು. ವಾದ ಮಾಡಲಿಲ್ಲ. ಪತ್ರವನ್ನು ಇನ್‌ವರ್ಡ್ ಮಾಡಿಸಿ, ಪ್ರತಿಯ ಮೇಲೆ ನಂಬರ್ ಹಾಕಿಸಿಕೊಂಡು ಬಂದೆ.